ನಾಲ್ಕು ತಾಲ್ಲೂಕಿಗೆ ಒಂದು ಆ್ಯಪ್‌: ಯಾವ ಫ್ರೇಮ್‌ವರ್ಕ್‌ ಸೂಕ್ತ?

ಹುಣಸೂರು, ಪಿರಿಯಾಪಟ್ಟಣಗಳಲ್ಲಿ ತಂಬಾಕು, ಕೆ.ಆರ್‌. ನಗರದಲ್ಲಿ ಭತ್ತ, ಎಚ್‌.ಡಿ. ಕೋಟೆಯಲ್ಲಿ ಹತ್ತಿ, ರಾಗಿ. ಮೈಸೂರು ಜಿಲ್ಲೆಯ ಈ ತಾಲ್ಲೂಕುಗಳ ಬೆಳೆಗಳು ಬೇರೆಯಾದರೂ ರೈತರ ಕೈಗೆ ಬಂದಿರುವ ಹೊಸ ಸಾಧನ ಒಂದೇ, ಅದು ಮೊಬೈಲ್‌. ರೈತರೇ ತಮ್ಮ ಬೆಳೆಯ ಛಾಯಾಚಿತ್ರ ತೆಗೆದು ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪನ್ನು ರಾಜ್ಯ ಸರ್ಕಾರ 2020ರಲ್ಲಿ ಜಾರಿಗೆ ತಂದಿತು. ಬೆಳೆ ವಿಮೆ, ಬೆಂಬಲ ಬೆಲೆ, ಬೆಳೆಹಾನಿ ಪರಿಹಾರಗಳಿಗೆ ಈ ಸಮೀಕ್ಷೆಯ ಮಾಹಿತಿ ಬಳಕೆಯಾಗುತ್ತದೆ. ಇಂಥ ಆ್ಯಪ್‌ ಕೈಕೊಟ್ಟರೆ ನಷ್ಟ ರೈತನದು. ಆದ್ದರಿಂದ ರೈತರಿಗಾಗಿ ಆ್ಯಪ್‌ ಮಾಡಿಸುವವರು ಅದರ ತಳಹದಿಯನ್ನು ಎಚ್ಚರದಿಂದ ಆರಿಸಬೇಕು.

ಆಂಡ್ರಾಯ್ಡ್‌ ಮತ್ತು ಐಫೋನ್‌ಗಳಿಗೆ ಪ್ರತ್ಯೇಕವಾಗಿ ಆ್ಯಪ್‌ ಬರೆದರೆ ಖರ್ಚು, ಶ್ರಮ ಎರಡೂ ಹೆಚ್ಚು. ಒಮ್ಮೆ ಬರೆದದ್ದನ್ನು ಎರಡರಲ್ಲೂ ನಡೆಸುವ ಸಿದ್ಧ ಚೌಕಟ್ಟೇ ಕ್ರಾಸ್‌ ಪ್ಲಾಟ್‌ಫಾರ್ಮ್‌ ಫ್ರೇಮ್‌ವರ್ಕ್‌. ಇವುಗಳಲ್ಲಿ ಮೂರು ಮುಖ್ಯವಾದವು. ಫೇಸ್‌ಬುಕ್‌ 2015ರಲ್ಲಿ ಮುಕ್ತಗೊಳಿಸಿದ ರಿಯಾಕ್ಟ್‌ ನೇಟಿವ್‌, ಜಾವಾಸ್ಕ್ರಿಪ್ಟ್‌ ಭಾಷೆಯನ್ನು ಬಳಸುತ್ತದೆ; ಗುಂಡಿ, ಅಕ್ಷರಗಳಿಗೆ ಫೋನಿನ ಸ್ವಂತ ವ್ಯವಸ್ಥೆಯನ್ನೇ ಆಶ್ರಯಿಸುತ್ತದೆ. 2018ರ ಡಿಸೆಂಬರ್‌ನಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ಗೂಗಲ್‌ನ ಫ್ಲಟರ್‌, ಡಾರ್ಟ್‌ ಭಾಷೆಯದು. ಪರದೆಯನ್ನು ತಾನೇ ಚಿತ್ರಿಸುವುದರಿಂದ ಎಲ್ಲ ಫೋನ್‌ಗಳಲ್ಲೂ ಒಂದೇ ರೂಪ. ಆದರೆ ಚಿತ್ರಿಸುವ ತಂತ್ರಾಂಶವೂ ಜೊತೆಗೇ ಸೇರುವುದರಿಂದ ಆ್ಯಪ್‌ನ ಗಾತ್ರ ಹಿಗ್ಗುತ್ತದೆ. 2023ರ ನವೆಂಬರ್‌ನಲ್ಲಿ ಸ್ಥಿರವೆಂದು ಘೋಷಿತವಾದ ಜೆಟ್‌ಬ್ರೇನ್ಸ್‌ನ ಕೋಟ್ಲಿನ್‌ ಮಲ್ಟಿಪ್ಲಾಟ್‌ಫಾರ್ಮ್‌ನಲ್ಲಿ ಲೆಕ್ಕಾಚಾರದ ಭಾಗವನ್ನಷ್ಟೇ ಹಂಚಿಕೊಂಡು, ಪರದೆಗಳನ್ನು ಬೇರೆ ಬೇರೆಯಾಗಿ ಬರೆಯಲೂ ಸಾಧ್ಯ.

ಆಯ್ಕೆಯ ಮೊದಲ ಒರೆಗಲ್ಲು ಸಿಗ್ನಲ್‌. ನಾಗರಹೊಳೆ ಅರಣ್ಯದಂಚಿನ ಹಾಡಿಗಳಲ್ಲಿ ಸಂಪರ್ಕ ಸಿಗದಿದ್ದಾಗ ಮಾಹಿತಿ ಫೋನಿನಲ್ಲೇ ಉಳಿದು, ಸಂಪರ್ಕ ಬಂದೊಡನೆ ರವಾನೆಯಾಗಬೇಕು. ಮೂರರಲ್ಲೂ ಇದು ಸಾಧ್ಯ. ಆದರೆ ತಾನಾಗಿಯೇ ಆಗುವುದಿಲ್ಲ, ಆರಂಭದಲ್ಲೇ ಯೋಜಿಸಿರಬೇಕು. ಎರಡನೆಯದು ಕನ್ನಡ. ಒತ್ತಕ್ಷರ, ಅರ್ಕಾವತ್ತುಗಳು ಅಗ್ಗದ ಹಳೆಯ ಫೋನಿನಲ್ಲೂ ಸರಿಯಾಗಿ ಮೂಡುತ್ತವೆಯೇ ಎಂದು ಪರೀಕ್ಷಿಸುವುದು ಅಗತ್ಯ.

ಮೂರನೆಯದು ಬಾಳಿಕೆ. ಮೈಕ್ರೋಸಾಫ್ಟ್‌ 2016ರಲ್ಲಿ ಖರೀದಿಸಿದ ಕ್ಸಾಮರಿನ್‌ ಒಂದು ಕಾಲಕ್ಕೆ ಹೆಸರುವಾಸಿಯಾಗಿತ್ತು. 2024ರ ಮೇ 1ಕ್ಕೆ ಅದರ ಬೆಂಬಲ ಕೊನೆಗೊಂಡಿತು. ಅದನ್ನು ನಂಬಿದ್ದವರು ಹೊಸ ಚೌಕಟ್ಟಿಗೆ ವಲಸೆ ಹೋಗಬೇಕಾಯಿತು. ಆದ್ದರಿಂದ ಮೂಲ ಸಂಕೇತ ಯಾರ ಬಳಿ ಇರುತ್ತದೆ, ಐದು ವರ್ಷದ ನಂತರ ದುರಸ್ತಿ ಮಾಡುವವರು ಯಾರು ಎಂಬುದು ಕರಾರಿನಲ್ಲೇ ಸ್ಪಷ್ಟವಾಗಿರಬೇಕು.

ಜಾವಾಸ್ಕ್ರಿಪ್ಟ್‌ ಬಲ್ಲ ತಂಡವಿದ್ದರೆ ರಿಯಾಕ್ಟ್‌ ನೇಟಿವ್‌, ಹೊಸದಾಗಿ ಆರಂಭಿಸುವವರಿಗೆ ಫ್ಲಟರ್‌ ಅನುಕೂಲಕರ. ಬಳಕೆದಾರರೆಲ್ಲರ ಬಳಿ ಆಂಡ್ರಾಯ್ಡ್‌ ಮಾತ್ರವಿದ್ದರೆ ಇವಾವುವೂ ಬೇಡ. ನೇರ ಕೋಟ್ಲಿನ್‌ ಸಾಕು. ಹಣ ಕೊಡುವ ಮುನ್ನ ಒಂದೇ ಪರದೆಯ ಮಾದರಿ ಮಾಡಿಸಿ, ಸಿಗ್ನಲ್‌ ಇಲ್ಲದ ಹೊಲದಲ್ಲಿ ರೈತನ ಫೋನಿನಲ್ಲೇ ಒಂದು ದಿನ ನಡೆಸಿ ನೋಡುವುದು ಎಲ್ಲಕ್ಕಿಂತ ನಂಬಲರ್ಹ ಪರೀಕ್ಷೆ.