ಪೆಣ್ಬುಯ್ಯಲ್: ಯುದ್ಧದಲ್ಲಿ ನೊಂದವರ ಚಿತ್ರಣ

ಕುರುಡುಮಲೆ, ಆವಣಿ, ಮುಳುಬಾಗಿಲುಗಳನ್ನೊಳಗೊಂಡ ಕೋಲಾರ ಸೀಮೆಯು ಗಂಗ, ನೊಳಂಬ, ಬಾಣ, ವೈದುಂಬ, ಚೋಳರ ಗಡಿಗಳು ಪದೇ ಪದೇ ಪಲ್ಲಟಗೊಂಡ ನೆಲವು. ಕುರುಡುಮಲೆಯ ಸೋಮೇಶ್ವರಾಲಯವನ್ನು ನೋಡಬರುವವರು ಶಿಲ್ಪದ ನಯವನ್ನು ಕೊಂಡಾಡುವರು; ಈ ಸೀಮೆಯ ಹೊಲಗಳ ಅಂಚಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡುವವರು ವಿರಳ. ಬಿ. ಎಲ್. ರೈಸ್ ಮಹಾಶಯರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಈ ಜಿಲ್ಲೆಯ ಶಾಸನಗಳು ಸಂಗ್ರಹವಾಗಿವೆ. ಯುದ್ಧದಲ್ಲಿ ನೊಂದ ಸಾಮಾನ್ಯ ಜನರನ್ನು ಚಿತ್ರಿಸುವ ಕಾರ್ಯವು ಛಾಯಾಚಿತ್ರಯಂತ್ರದೊಡನೆಯೇ ಹುಟ್ಟಿತೆಂಬ ಅಭಿಪ್ರಾಯವನ್ನು ಇಂತಹ ಕಲ್ಲುಗಳ ಮುಂದಿಟ್ಟು ಪರೀಕ್ಷಿಸಬೇಕಾಗಿದೆ.

ಕನ್ನಡ ವೀರಶಾಸನಗಳಲ್ಲಿ ಕಾಳಗದ ಕಾರಣವನ್ನು ಹೇಳುವ ಮೂರು ಶಬ್ದಗಳು ವಿಚಾರಾರ್ಹವಾದುವು: ತುರುಗೋಳ್, ಊರಳಿವು, ಪೆಣ್ಬುಯ್ಯಲ್. ‘ತುರುಗೋಳ್’ ಎಂಬಲ್ಲಿ ‘ಕೊಳ್’ ಧಾತುವಿನಿಂದಾದ ‘ಕೋಳ್’ ಇದೆ. ಅದು ಕವರ್ದೊಯ್ದವನ ಕ್ರಿಯೆ. ‘ಊರಳಿವು’ ಎಂಬಲ್ಲಿ ‘ಅಳಿ’ಯು ಅಕರ್ಮಕ, ಊರು ಅಳಿಯಿತು, ಅಳಿಸಿದವನು ಶಬ್ದದೊಳಗೆ ಇಲ್ಲ. ಮೂರನೆಯದಾದರೋ ಪೆಣ್ ಮತ್ತು ಪುಯ್ಯಲ್ ಸೇರಿ, ಪಕಾರಕ್ಕೆ ಬಕಾರವು ಆದೇಶವಾಗಿ ಬಂದ ಸಮಾಸ. ಪುಯ್ಯಲ್ ಎಂದರೆ ಮೊರೆ, ಗೋಳು. ಹೊಸಗನ್ನಡದ ಹುಯಿಲು ಇದರ ರೂಪವೇ. ಹೆಂಗಸರ ಮೇಲಣ ಅತ್ಯಾಚಾರವನ್ನು ಹೇಳಲು ಶಾಸನಕಾರರು ಶತ್ರುವಿನ ಕೃತ್ಯವನ್ನು ಹೆಸರಿಸದೆ ನೊಂದವರ ಕೂಗನ್ನು ಹೆಸರಿಸಿದರು. ಈ ಒಂದು ಶಬ್ದಕ್ಕಾಗಿಯಾದರೂ ಇವನ್ನು ಬರೆದವರಿಗೆ ಮಣಿಯಬೇಕು.

ಆದರೆ ಶಿಲ್ಪಿಯು ಶಬ್ದದಷ್ಟು ದೂರ ಹೋಗಲಿಲ್ಲ. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ಕೆಲವೊಮ್ಮೆ ತುರುಗಳ ಹಿಂಡು, ನಡುವೆ ವೀರನನ್ನೆತ್ತಿಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ದುಃಖವು ವೀರಸ್ವರ್ಗಕ್ಕೆ ಸೋಪಾನವಾಯಿತು. ಅಲಂಕಾರಿಕರ ಮಾತಿನಲ್ಲಿ, ಕರುಣವು ಇಲ್ಲಿ ವೀರಕ್ಕೆ ಅಂಗ. ನೆತ್ತರುಗೊಡಗೆಯೂ ಮಡಿದವನ ಮನೆಗೆ ಸಂದಿತು.

1768ರ ಅಕ್ಟೋಬರಿನಲ್ಲಿ ಮುಳುಬಾಗಿಲಿನಲ್ಲಿಯೇ ಹೈದರಾಲಿಗೂ ಕರ್ನಲ್ ವುಡ್ಡನ ಸೈನ್ಯಕ್ಕೂ ಕಾಳಗವಾಯಿತು. ಅದರ ಆಂಗ್ಲ ವೃತ್ತಾಂತಗಳು ಹೆಚ್ಚಾಗಿ ಸೇನಾನಿಗಳ ಯುಕ್ತಿಯ ಕಥೆಗಳು.

ಛಾಯಾಚಿತ್ರವೂ ಮೊದಲಿಗೆ ಇದೇ ಹಾದಿ ಹಿಡಿಯಿತು. 1855ರಲ್ಲಿ ಕ್ರಿಮಿಯಾಕ್ಕೆ ಹೋದ ರೋಜರ್ ಫೆಂಟನ್ ತೋರಿಸಿದುದು ಪಾಳೆಯಗಳನ್ನು, ಅಧಿಕಾರಿಗಳನ್ನು, ಗುಂಡುಗಳು ಚೆಲ್ಲಿದ ಬರಿಯ ಕಣಿವೆಯನ್ನು. ಕರುಣವು ಅಂಗಿಯಾದುದು ಬಹುಕಾಲದ ಮೇಲೆ. 1972ರ ಜೂನ್ 8ರಂದು ವಿಯೆಟ್ನಾಮಿನ ಟ್ರಾಂಗ್ ಬಾಂಗ್ ಗ್ರಾಮದಿಂದ ನಾಪಾಮಿನ ಉರಿಗೆ ಸಿಕ್ಕಿ ಓಡಿಬಂದ ಬಾಲೆಯ ಚಿತ್ರದಲ್ಲಿ ವೀರನಿಲ್ಲ, ಅಪ್ಸರೆಯಿಲ್ಲ. ಬಾಯ್ದೆರೆದ ಪುಯ್ಯಲೊಂದೇ ಇದೆ. ಅದಕ್ಕೆ ಸ್ವಲ್ಪ ಮೊದಲು, 1971ರಲ್ಲಿ, ಗುಜರಾತಿನ ಕಿಶೋರ್ ಪಾರೇಖರು ಯಾರ ನಿಯೋಗವೂ ಇಲ್ಲದೆ ಪೂರ್ವ ಬಂಗಾಳಕ್ಕೆ ಹೋಗಿ ಬೀದಿಯ ಹೆಣಗಳನ್ನೂ ಅಳುವವರನ್ನೂ ಚಿತ್ರಿಸಿ ಮರುವರ್ಷ ಗ್ರಂಥವಾಗಿ ಹೊರತಂದರು. ನಿರಾಶ್ರಿತರನ್ನು ರಘು ರಾಯ್ ಚಿತ್ರಿಸಿದರು.

ಶಿಲೆಯಲ್ಲಿದ್ದ ಮೇಲಣ ಪಟ್ಟಿಕೆಗಳು ಛಾಯಾಚಿತ್ರಕ್ಕಿಲ್ಲ. ನೋಡುವವನಿಗೆ ಸಮಾಧಾನವನ್ನು ಅದು ಒದಗಿಸಲಾರದು. ಆದರೆ ಒಂದು ಕೊರತೆ ಎರಡಕ್ಕೂ ಸಮಾನ. ಪೆಣ್ಬುಯ್ಯಲಿನಲ್ಲಿ ಕಾದಿ ಸತ್ತವನ ಹೆಸರನ್ನು ಶಾಸನವು ಹೇಳುತ್ತದೆ, ಮೊರೆಯಿಟ್ಟವರ ಹೆಸರನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಛಾಯಾಚಿತ್ರಗಳ ಕೆಳಗೂ ತೆಗೆದವರ ಹೆಸರು ಅಚ್ಚಾಗಿರುತ್ತದೆ. ಒಳಗಿರುವವರು ಬಹುಮಟ್ಟಿಗೆ ‘ಒಬ್ಬ ತಾಯಿ’, ‘ಒಂದು ಮಗು’.