ಹೆಣ್ಣು ಪತಂಗದ ಮೂಗು ಹಿಡಿಯಬೇಕು

ಕಲಬುರಗಿ ಸೀಮೆಯಲ್ಲಿ ತೊಗರಿ ಹೂವಿಗೆ ಬರುತ್ತಿದ್ದಂತೆ ಕಾಯಿಕೊರಕದ ಪತಂಗಕ್ಕೆಂದು ಹೊಲದಲ್ಲಿ ಮೋಹಕ ಬಲೆ ಕಟ್ಟುತ್ತಾರೆ. ಬಲೆಯೊಳಗಿನ ಲೂರ್ ಹೆಣ್ಣು ಪತಂಗದ ವಾಸನೆ ಬೀರುತ್ತದೆ; ಬಂದು ಬೀಳುವುದು ಗಂಡುಗಳು ಮಾತ್ರ. ಕೀಟ ಬಂದಿದೆಯೆಂದು ಮೊದಲೇ ತಿಳಿಸುವ ಈ ಬಲೆಯನ್ನು ಬೇಡವೆನ್ನಲಾಗದು. ಆದರೆ ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡಬಲ್ಲದು, ಹಾಗಾಗಿ ಒಂದಷ್ಟು ಗಂಡು ಸತ್ತರೂ ಮೊಟ್ಟೆಗಳು ಅಷ್ಟಾಗಿ ತಗ್ಗುವುದಿಲ್ಲ. ಮೊಟ್ಟೆಯಿಡುವ ಹೆಣ್ಣು ಕತ್ತಲಲ್ಲಿ ಗಿಡವನ್ನು ಪತ್ತೆಹಚ್ಚುವುದು ಬಹುಮಟ್ಟಿಗೆ ಗಿಡದ ವಾಸನೆಯಿಂದ. ನಮ್ಮ ಗಮನ ಹರಿಯಬೇಕಾದದ್ದು ಅತ್ತ.

ಪತಂಗದ ಮೂಗು ಇರುವುದು ಕುಡಿಮೀಸೆಯಲ್ಲಿ. ಅದರ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ವಾಸನೆಯ ಅಣುಗಳು ಅವುಗಳ ಮೂಲಕ ಒಳಗಿನ ದ್ರವಕ್ಕೆ ಇಳಿಯುತ್ತವೆ. ಇವುಗಳಲ್ಲಿ ಹೆಚ್ಚಿನವು ನೀರಿನಲ್ಲಿ ಸುಲಭವಾಗಿ ಕರಗವು. ವಾಹಕ ಪ್ರೋಟೀನುಗಳು ಅವನ್ನು ನರಕೋಶದ ಪೊರೆಯ ತನಕ ಮುಟ್ಟಿಸುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ. ಪೊರೆಯಲ್ಲಿ ಕಾದಿರುವ ಗ್ರಾಹಕವು ಓರ್ಕೊ ಎಂಬ ಜೊತೆಗಾರ ಪ್ರೋಟೀನಿನೊಂದಿಗೆ ಸೇರಿ ಒಂದು ನಾಳವಾಗಿರುತ್ತದೆ. ಒಪ್ಪುವ ಅಣು ಬಂದು ಕೂತೊಡನೆ ನಾಳ ತೆರೆದು ಅಯಾನುಗಳು ಒಳನುಗ್ಗುತ್ತವೆ, ಮಿದುಳಿಗೆ ಸುದ್ದಿ ಹೋಗುತ್ತದೆ. ರೇಷ್ಮೆ ಹುಳುವನ್ನು ಹಿಪ್ಪುನೇರಳೆ ಸೊಪ್ಪಿನತ್ತ ಸೆಳೆಯುವ ಸಿಸ್-ಜಾಸ್ಮೋನ್ ಎಂಬ ವಾಸನೆಗೆ ತೀವ್ರವಾಗಿ ಸ್ಪಂದಿಸುವ ಗ್ರಾಹಕವನ್ನು ಜಪಾನಿನ ಸಂಶೋಧಕರು 2009ರಲ್ಲಿ ಗುರುತಿಸಿದರು.

ರೇಷ್ಮೆ ಹುಳುವಿಗೆ ಹಿಪ್ಪುನೇರಳೆಯೊಂದೇ ಆಹಾರ. ತೊಗರಿ, ಕಡಲೆ, ಹತ್ತಿ, ಟೊಮೆಟೊ ಎನ್ನದೆ ನೂರಕ್ಕೂ ಹೆಚ್ಚು ಗಿಡಗಳನ್ನು ತಿನ್ನುವ ಕಾಯಿಕೊರಕವನ್ನು ಯಾವ ವಾಸನೆ ತಾನೇ ಸೆಳೆದೀತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಪತಂಗಕ್ಕೆ ಗಿಡದ ಜಾತಿಗಿಂತ ಅದು ಹೂ ಬಿಟ್ಟಿದೆಯೇ ಎಂಬುದು ಮುಖ್ಯವಾದಂತಿದೆ. ಅನೇಕ ಹೂಗಳು ಸೂಸುವ ಫಿನೈಲ್‌ಅಸಿಟಾಲ್ಡಿಹೈಡ್ ಎಂಬ ಜೇನುಗಂಪಿನ ವಸ್ತುವನ್ನು ಹಿಡಿಯಲು ಅದಕ್ಕೊಂದು ಗ್ರಾಹಕವಿದೆ. ಚೀನಾದ ವಿಜ್ಞಾನಿಗಳು ಆ ಗ್ರಾಹಕದ ವಂಶವಾಹಿಯನ್ನು ಕೆಡಿಸಿದಾಗ ಆ ವಾಸನೆಯತ್ತ ಪತಂಗಕ್ಕಿದ್ದ ಸೆಳೆತ ತೀರಾ ಕುಂದಿತು. ಒಂದೇ ಗ್ರಾಹಕ ಇಷ್ಟು ಬದಲಾವಣೆ ತಂದಿತೆಂಬುದು ಸಣ್ಣ ಸಂಗತಿಯಲ್ಲ.

ಹಾಗಾದರೆ ಇಂಥ ವಾಸನೆಯನ್ನೇ ಆಮಿಷವಾಗಿಟ್ಟು ಹೆಣ್ಣು ಪತಂಗವನ್ನು ಸೆಳೆಯಬಹುದಲ್ಲ. ಆದರೆ ಹೊಲವೆಲ್ಲ ಹೂವಾಗಿರುವಾಗ ನಾವಿಟ್ಟ ವಾಸನೆ ಅದರಲ್ಲಿ ಕರಗಿಹೋಗದೇ? ಹೋಗಬಹುದು, ಅದು ದುರ್ಬಲವಾಗಿದ್ದರೆ. ಬಲವಾಗಿದ್ದರೆ ಬೆಳೆಯ ನಡುವೆಯೂ ಸೆಳೆಯಬಲ್ಲದು ಎನ್ನಲು ಚೆಂಡುಹೂ ನಿದರ್ಶನ. ಟೊಮೆಟೊದ ಪ್ರತಿ 16 ಸಾಲಿಗೆ ಒಂದು ಸಾಲು ಚೆಂಡುಹೂ ಬೆಳೆಯಿರೆಂದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೇಳುತ್ತ ಬಂದಿದೆ. ಹೆಣ್ಣು ಪತಂಗ ಟೊಮೆಟೊ ಬಿಟ್ಟು ಚೆಂಡುಹೂವಿನತ್ತ ವಾಲುತ್ತದೆ. ಹೂವೇ ಇಲ್ಲದ ಗಾಳಿಸುರಂಗದಲ್ಲಿ, ಚೆಂಡುಹೂವಿನ ವಾಸನಾವಸ್ತುಗಳನ್ನು ಬೆರೆಸಿಟ್ಟರೂ ಅದು ಹಾರಿ ಬಂದಿದೆ. ಆಸ್ಟ್ರೇಲಿಯಾದ ಹತ್ತಿ ಹೊಲಗಳಲ್ಲಿ ಗಿಡವಾಸನೆ, ಸಕ್ಕರೆ, ಕೀಟನಾಶಕ ಬೆರೆತ 'ಮ್ಯಾಗ್ನೆಟ್' ಮಿಶ್ರಣವನ್ನು ಹೊಲವಿಡೀ ಅಲ್ಲ, ದೂರದೂರದ ಸಾಲುಗಳಿಗಷ್ಟೇ ಹಾಕುತ್ತಾರೆ; ಗಂಡು, ಹೆಣ್ಣು ಎರಡೂ ಬಂದು ಸಾಯುತ್ತವೆ. ಇದೇ ವಾಸನೆಗೆ ರೈತಮಿತ್ರ ಕೀಟಗಳೂ ಬರುತ್ತವೆಂಬುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಅದಕ್ಕೇ ಮಿಶ್ರಣವನ್ನು ನಮ್ಮ ನೆಲದಲ್ಲೇ ಪರೀಕ್ಷಿಸಿ, ಜೇನುನೊಣ ಗೂಡು ಸೇರಿದ ಮೇಲೆ ಮಾತ್ರ ಬಳಸಬೇಕು. ರಾಯಚೂರು, ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳು ತೊಗರಿ ಹೊಲದಲ್ಲಿ ರೈತರ ಜೊತೆಗೂಡಿ ಇದನ್ನು ಕೈಗೆತ್ತಿಕೊಳ್ಳಲಿ.