ಸೊಪ್ಪಿನ ಬೆಟ್ಟದ ಅಣಬೆ ಮತ್ತು ಕೀಟಗಳು

ಭಾದ್ರಪದ ಕಳೆದು ಆಶ್ವೀಜ ಬರುವ ಹೊತ್ತಿಗೆ ಮಲೆನಾಡಿನಲ್ಲಿ ಮಳೆಯ ಅಬ್ಬರ ತಗ್ಗುತ್ತದೆ. ಉತ್ತರೆ, ಹಸ್ತೆ, ಚಿತ್ತೆ ಮಳೆಗಳ ನಡುವೆ ಬಿಸಿಲು ಕಾಣಿಸುತ್ತದೆ. ನೆಲದಲ್ಲಿ ಮಾತ್ರ ತೇವ ಉಳಿದಿರುತ್ತದೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಒದಗಿಸುವ ಬೆಟ್ಟದಲ್ಲಿಯೂ ಕಾನಿನ ಅಂಚಿನಲ್ಲಿಯೂ ಬಗೆಬಗೆಯ ಅಣಬೆಗಳನ್ನು ನೋಡಲು ಇದು ಒಳ್ಳೆಯ ಕಾಲ. ಬೆಳಿಗ್ಗೆ ಒಂದೆರಡು ಗಂಟೆ ಅಲ್ಲಿ ಸುತ್ತಾಡಿ, ಅಣಬೆ ಮತ್ತು ಅದರ ಸುತ್ತಲಿನ ಕೀಟಗಳ ಚಿತ್ರ ತೆಗೆಯುವುದು ಬರಿಯ ಹವ್ಯಾಸವಲ್ಲ. ಯಾವ ಅಣಬೆ ನಮ್ಮ ಭೂಮಿಗೆ ಉಪಕಾರಿ, ಯಾವುದು ಅಪಾಯದ ಸೂಚನೆ ಎಂಬುದನ್ನು ತಿಳಿಯಲು ಅದೊಂದು ಸುಲಭ ದಾರಿ.

ಅಣಬೆ ಎಂದರೇನು?

ಅಣಬೆಯು ಒಂದು ಬಗೆಯ ಶಿಲೀಂಧ್ರದ ಹಣ್ಣು ಇದ್ದಂತೆ. ಮರದಿಂದ ಮಾವಿನ ಹಣ್ಣು ಕಿತ್ತರೂ ಮರ ಉಳಿಯುವ ಹಾಗೆ, ಅಣಬೆ ಕಿತ್ತರೂ ಅದರ ಮೂಲ ದೇಹ ಮಣ್ಣಿನಲ್ಲಿ ಅಥವಾ ಕಟ್ಟಿಗೆಯಲ್ಲಿ ಬಿಳಿ ಎಳೆಗಳ ರೂಪದಲ್ಲಿ ಉಳಿದಿರುತ್ತದೆ. ಈ ಎಳೆಗಳೇ ದರಕು, ಒಣ ಕಡ್ಡಿ, ಬಿದ್ದ ಮರಗಳನ್ನು ಕೊಳೆಯಿಸಿ ಗೊಬ್ಬರ ಮಾಡುತ್ತವೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಕರಗಿಸುವ ಶಕ್ತಿ ಮುಖ್ಯವಾಗಿ ಶಿಲೀಂಧ್ರಗಳಿಗಿದೆ.

ಗೆದ್ದಲು ಬೆಳೆಸುವ ಅಣಬೆ

ಹುತ್ತದ ಮೇಲೆ ಹಾಗೂ ಅದರ ಸುತ್ತ ಏಳುವ ಹುತ್ತದ ಅಣಬೆಯನ್ನು ಅರಿಯದವರಿಲ್ಲ. ಶಾಸ್ತ್ರಜ್ಞರು ಇದನ್ನು ಟರ್ಮಿಟೋಮೈಸಿಸ್ ಎನ್ನುತ್ತಾರೆ. ಗೆದ್ದಲು ತಾನು ತಿಂದ ಎಲೆ, ಕಟ್ಟಿಗೆಯ ಚೂರುಗಳನ್ನು ಮಲದೊಂದಿಗೆ ಹೊರಹಾಕಿ, ಹುತ್ತದೊಳಗೆ ಜೇನುಹಲ್ಲೆಯಂತಹ ರಚನೆ ಕಟ್ಟುತ್ತದೆ. ಅದರ ಮೇಲೆ ಈ ಶಿಲೀಂಧ್ರ ಬೆಳೆದು ಕಟ್ಟಿಗೆಯ ಅಂಶವನ್ನು ಮೆದುಗೊಳಿಸುತ್ತದೆ. ಮೆದುವಾದ ಹಲ್ಲೆಯನ್ನೂ ಅದರ ಮೇಲಿನ ಬಿಳಿ ಗುಳಿಗೆಗಳನ್ನೂ ಗೆದ್ದಲು ಆಹಾರವಾಗಿ ಬಳಸುತ್ತದೆ. ಈ ಒಕ್ಕಲುತನ ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕದಲ್ಲಿ ಆರಂಭವಾಯಿತೆಂದು ಸಂಶೋಧನೆಗಳು ತಿಳಿಸುತ್ತವೆ. ಮನುಷ್ಯ ಬೇಸಾಯ ಕಲಿತದ್ದು ಕೇವಲ ಹತ್ತು ಹನ್ನೆರಡು ಸಾವಿರ ವರ್ಷಗಳ ಹಿಂದೆ!

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ರೆಕ್ಕೆ ಬಂದು ಹಾರಿ ಹೋಗಿ ಹೊಸ ಗೂಡು ಹೂಡುವ ಗೆದ್ದಲುಗಳಲ್ಲಿ ಹೆಚ್ಚಿನವು ಶಿಲೀಂಧ್ರವನ್ನು ಜೊತೆಗೆ ಒಯ್ಯುವುದಿಲ್ಲ. ಹೊಸ ಗೂಡಿನ ಮೊದಲ ಕೆಲಸಗಾರ ಗೆದ್ದಲುಗಳು ಹೊರಗೆ ಬಿದ್ದಿರುವ ಅಣಬೆಯ ಬೀಜಕಣಗಳನ್ನು ಆಯ್ದು ತರಬೇಕು. ಈ ಬೀಜಕಣಗಳು ಉದುರುವುದು ಅಣಬೆಯ ಕೊಡೆ ಅರಳಿದ ನಂತರವೇ. ಆದುದರಿಂದ ಮೊಗ್ಗುಗಳನ್ನೆಲ್ಲ ಬಾಚಿ ತರದೆ, ಪ್ರತಿ ಜಾಗದಲ್ಲಿಯೂ ಕೆಲವನ್ನು ಅರಳಲು ಬಿಡಿ. ಗುದ್ದಲಿಯಿಂದ ಹುತ್ತ ಅಗೆಯಬೇಡಿ. ಹಲ್ಲೆ ಹಾಳಾದರೆ ಮುಂದಿನ ವರ್ಷದ ಅಣಬೆಯೂ ಹೋದಂತೆ. ಬೆಳೆಗೆ ಗೆದ್ದಲು ಬಿದ್ದಾಗ ಹತೋಟಿ ಮಾಡುವುದು ಸರಿ. ಆದರೆ ಬೆಟ್ಟದಲ್ಲಿ ಒಣ ಪದಾರ್ಥವನ್ನು ಮಣ್ಣಿಗೆ ಸೇರಿಸಿ, ನೆಲದಲ್ಲಿ ನೀರು ಇಂಗಲು ದಾರಿ ಮಾಡುವ ಹುತ್ತಗಳಿಗೆ ಔಷಧಿ ಸುರಿಯುವುದು ತರವಲ್ಲ.

ಕೀಟವನ್ನು ಕೊಲ್ಲುವ ಶಿಲೀಂಧ್ರ

ಗೆದ್ದಲಿಗೆ ಶಿಲೀಂಧ್ರ ನೆಂಟನಾದರೆ, ಬೇರೆ ಕೆಲವು ಕೀಟಗಳಿಗೆ ಅದೇ ಶತ್ರು. ಎಲೆಯನ್ನು ಕಚ್ಚಿಕೊಂಡು ಸತ್ತ ಇರುವೆಯ ತಲೆಯಿಂದ ದಾರದಂತಹ ಕಡ್ಡಿ ಹೊರಟಿರುವುದು ಉಷ್ಣವಲಯದ ಕಾಡುಗಳಲ್ಲಿ ಕಾಣಸಿಗುತ್ತದೆ. ಅದು ಇರುವೆಯ ದೇಹದಲ್ಲಿ ಬೆಳೆದ ಶಿಲೀಂಧ್ರ. ಇದೇ ರೀತಿಯ ಕೆಲಸ ಹೊಲದಲ್ಲಿಯೂ ನಡೆಯುತ್ತದೆ. ಸೋಯಾ ಅವರೆ, ಶೇಂಗಾ ಬೆಳೆಗಳಲ್ಲಿ ಎಲೆ ತಿನ್ನುವ ಕೀಡೆಗಳು ತೇವದ ದಿನಗಳಲ್ಲಿ ಮೊದಲು ಬೆಳ್ಳಗಾಗಿ, ಅನಂತರ ತಿಳಿ ಹಸಿರು ಪುಡಿ ಹಚ್ಚಿದಂತೆ ಗಟ್ಟಿಯಾಗಿ ಸಾಯುವುದನ್ನು ನೀವು ನೋಡಿರಬಹುದು. ಇದಕ್ಕೆ ಕಾರಣವಾದ ಶಿಲೀಂಧ್ರವನ್ನು ಹಿಂದೆ ನೊಮುರಿಯ ರಿಲೆಯಿ ಎನ್ನುತ್ತಿದ್ದರು; ಈಗಿನ ಹೆಸರು ಮೆಟರೈಜಿಯಂ ರಿಲೆಯಿ. ಇಂತಹ ಕೀಡೆಗಳು ಹೆಚ್ಚಾಗಿ ಕಂಡಾಗ ಅವಸರದಿಂದ ಕೀಟನಾಶಕ ಹೊಡೆಯದೆ ಕೆಲವು ದಿನ ಕಾದು ನೋಡಿ. ಅನಗತ್ಯವಾಗಿ ಶಿಲೀಂಧ್ರನಾಶಕ ಸಿಂಪಡಿಸಿದರೆ ಈ ಉಪಕಾರಿಯೂ ಸಾಯುತ್ತದೆ.

ಮರದ ಬುಡದ ಅಣಬೆ

ಅಡಿಕೆ ಅಥವಾ ತೆಂಗಿನ ಬುಡದಲ್ಲಿ ಕಂದು ಬಣ್ಣದ, ಮರದಂತೆ ಗಟ್ಟಿಯಾದ, ಮೆರುಗು ಹಚ್ಚಿದಂತಿರುವ ಅಣಬೆ ಕಂಡರೆ ಅದು ಗ್ಯಾನೊಡರ್ಮಾ. ಅಣಬೆ ರೋಗಕ್ಕೆ ಇದೇ ಕಾರಣ. ಬೇರು ಮತ್ತು ಬುಡ ಒಳಗೆ ಬಹಳ ಮಟ್ಟಿಗೆ ಕೊಳೆತ ಮೇಲೆಯೇ ಅಣಬೆ ಹೊರಗೆ ಕಾಣುತ್ತದೆ. ಚಿತ್ರ ತೆಗೆದು, ಮರಕ್ಕೆ ಗುರುತು ಮಾಡಿ, ಸುತ್ತ ಕಂದಕ ತೋಡಿ ಪಕ್ಕದ ಮರಗಳಿಂದ ಬೇರ್ಪಡಿಸಿ. ಆ ಮರದ ಬುಡದಿಂದ ನೀರು ಬೇರೆ ಮರಗಳಿಗೆ ಹರಿಯದಂತೆ ನೋಡಿಕೊಂಡು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.

ಹುಳು ತಿಂದದ್ದನ್ನು ಮನುಷ್ಯ ತಿನ್ನಬಹುದೇ?

ಅಣಬೆಯ ಮೇಲೆ ದುಂಬಿ, ನೊಣದ ಮರಿಹುಳು, ಬಸವನಹುಳು ಮೇಯುವುದನ್ನು ಕಂಡು ‘ಹುಳು ತಿಂದಿದೆ, ವಿಷವಿಲ್ಲ’ ಎನ್ನುವವರಿದ್ದಾರೆ. ಈ ನಂಬಿಕೆ ಪ್ರಾಣಕ್ಕೆ ಎರವಾಗಬಹುದು. ಮನುಷ್ಯನನ್ನು ಕೊಲ್ಲುವ ಅಣಬೆಯಲ್ಲಿಯೇ ಬೆಳೆಯುವ ನೊಣಗಳಿವೆ. ಅವುಗಳಿಗೆ ಆ ವಿಷ ತಟ್ಟುವುದಿಲ್ಲ. ಬೆಳ್ಳಿ ನಾಣ್ಯ ಅಥವಾ ಬೆಳ್ಳುಳ್ಳಿ ಹಾಕಿ ಬೇಯಿಸಿ, ಕಪ್ಪಾಗದಿದ್ದರೆ ತಿನ್ನಬಹುದು ಎಂಬುದೂ ಸುಳ್ಳು.

ಅಮನೈಟಾ ಜಾತಿಯ ಕೆಲವು ಅಣಬೆಗಳ ವಿಷ ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ತಿಂದ 6 ರಿಂದ 24 ಗಂಟೆಗಳ ನಂತರ ವಾಂತಿ, ಭೇದಿ ಆರಂಭವಾಗುತ್ತದೆ. ಅನಂತರ ಸ್ವಲ್ಪ ಸುಧಾರಿಸಿದಂತೆ ಕಾಣುತ್ತದೆ. ಆದರೆ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಹುಲ್ಲುಗಾವಲು, ಬದುಗಳಲ್ಲಿ ಏಳುವ ದೊಡ್ಡ ಬಿಳಿ ಕೊಡೆಯ ಇನ್ನೊಂದು ಅಣಬೆಯ ಅಡಿಭಾಗ ಎಳೆಯದಿರುವಾಗ ಬಿಳಿ, ಬಲಿತಾಗ ಹಸಿರು. ಅದನ್ನು ತಿಂದರೆ ಒಂದರಿಂದ ಮೂರು ಗಂಟೆಯೊಳಗೆ ತೀವ್ರ ವಾಂತಿ, ಭೇದಿಯಾಗುತ್ತದೆ.

ಚಿತ್ರ ತೆಗೆಯುವ ಕ್ರಮ

ಮೊಬೈಲ್ ಫೋನಿನ ಕ್ಯಾಮೆರಾ ಸಾಕು.

1. ಕೀಳುವ ಮೊದಲು, ಅಣಬೆ ಎಲ್ಲಿ ಎದ್ದಿದೆ (ಹುತ್ತ, ಕಟ್ಟಿಗೆ, ಸಗಣಿ, ಮರದ ಬುಡ) ಎಂಬುದು ಕಾಣುವಂತೆ ಒಂದು ಚಿತ್ರ ತೆಗೆಯಿರಿ. ಮೇಲಿರುವ ಕೀಟವೂ ಅದರಲ್ಲಿ ಬರಲಿ.
2. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯವಿಡಿ.
3. ಕೊಡೆಯ ಅಡಿಭಾಗದ ಪದರಗಳನ್ನು, ಕಾಂಡಕ್ಕೆ ಉಂಗುರವಿದ್ದರೆ ಅದನ್ನೂ ತೋರಿಸಿ.
4. ಒಂದನ್ನು ಬುಡಸಹಿತ ಮೆಲ್ಲಗೆ ಬಿಡಿಸಿ. ಬುಡದಲ್ಲಿ ಚೀಲದಂತಹ ಹೊದಿಕೆ ಇದ್ದರೆ ಅಮನೈಟಾ ಇರಬಹುದೆಂದು ಶಂಕಿಸಿ. ಹುತ್ತದ ಅಣಬೆಯನ್ನು ಮಾತ್ರ ಬುಡಕ್ಕಾಗಿ ಅಗೆಯಬೇಡಿ.
5. ಕೊಡೆಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಬೋರಲಾಗಿ ಒಂದು ರಾತ್ರಿ ಇಡಿ. ಉದುರಿದ ಬೀಜಕಣಗಳ ಬಣ್ಣದ ಚಿತ್ರ ತೆಗೆಯಿರಿ.
6. ದಿನಾಂಕ, ಸ್ಥಳ, ಹತ್ತಿರದ ಮರದ ಹೆಸರು ಬರೆದಿಡಿ. ಕೊನೆಗೆ ಕೈ ತೊಳೆಯಿರಿ.

ಇಂತಹ ಚಿತ್ರಗಳಿದ್ದರೆ ತಜ್ಞರಿಗೆ ಅಣಬೆ ಗುರುತಿಸಲು ಸಹಾಯವಾಗುತ್ತದೆ. ಆದರೆ ಚಿತ್ರವನ್ನಷ್ಟೇ ನೋಡಿ, ಇಲ್ಲವೆ ಫೋನು ಹೇಳಿದ ಹೆಸರನ್ನು ನಂಬಿ ಅಡುಗೆ ಮಾಡಬೇಡಿ. ಅಣಬೆ ತಿಂದವರಿಗೆ ತೊಂದರೆಯಾದರೆ ಮನೆಮದ್ದಿಗೆ ಕಾಯದೆ, ಉಳಿದ ಅಣಬೆ ಮತ್ತು ಚಿತ್ರದೊಡನೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ನಡುವೆ ಗುಣವಾದಂತೆ ಕಂಡರೂ ಬಿಡಬೇಡಿ. ಅಣಬೆಯ ರುಚಿ ಬೇಕೆನಿಸಿದರೆ ಭತ್ತದ ಹುಲ್ಲಿನಲ್ಲಿ ಚಿಪ್ಪು ಅಣಬೆಯನ್ನು ಮನೆಯಲ್ಲಿಯೇ ಬೆಳೆಯಬಹುದು. ಬೆಟ್ಟದಲ್ಲಿ ಗುರುತಿಲ್ಲದ ಅಣಬೆ ಕಂಡರೆ ಚಿತ್ರ ತೆಗೆದುಕೊಂಡು, ಅಣಬೆಯನ್ನು ಅಲ್ಲಿಯೇ ಬಿಟ್ಟು ಬನ್ನಿ.